ಡಕೋಟಾದಿಂದ ಎ-380ರವರೆಗೆ: ವಿಮಾನ ನೋಡುವ ಹವ್ಯಾಸವೂ ನಮ್ಮ ಸರಕೂ

ನಮ್ಮ ಸದಸ್ಯ ಬಾಂಧವರಲ್ಲಿ ಹಲವರು ಅಂಚೆಚೀಟಿಗಳನ್ನು ಸಂಗ್ರಹಿಸುತ್ತಾರೆ, ಕೆಲವರು ಹಳೆಯ ನಾಣ್ಯಗಳನ್ನು ಕೂಡಿಡುತ್ತಾರೆ. ಈ ಲೇಖಕನಿಗೆ ಅಂಟಿಕೊಂಡಿರುವುದು ಯಾವ ಕಪಾಟಿನಲ್ಲಿಯೂ ಇಡಲಾಗದ ಹವ್ಯಾಸ. ಆಕಾಶದಲ್ಲಿ ಹೋಗುವ ವಿಮಾನವನ್ನು ನೋಡುವುದು, ಅದು ಯಾವ ಮಾದರಿ, ಯಾವ ಸಂಸ್ಥೆಯದು ಎಂದು ಗುರುತಿಸುವುದು, ಬಾಲದ ಬಳಿ ಬರೆದಿರುವ ನೋಂದಣಿ ಅಕ್ಷರಗಳು ಕಂಡರೆ ಅವನ್ನು ದಿನಾಂಕದೊಡನೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಇಷ್ಟೇ. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ನಂತರ ಸಾವಿರಾರು ಮಂದಿ ಇದನ್ನು ರೈಲು ಎಂಜಿನ್ನುಗಳ ಸಂಖ್ಯೆ ಬರೆದುಕೊಳ್ಳುವಷ್ಟೇ ಶ್ರದ್ಧೆಯಿಂದ ಮಾಡಿದರು. ಅದಕ್ಕೆಂದೇ ಜೇಬಿನಲ್ಲಿಡುವ ಪುಟ್ಟ ಪುಸ್ತಕಗಳು ಅಚ್ಚಾಗುತ್ತಿದ್ದವು. ನಮ್ಮಲ್ಲಿ ಇದನ್ನು ಮಾಡುವವರನ್ನು ಕಂಡರೆ ಮನೆಯವರು ನಗುತ್ತಾರೆ, ಪೊಲೀಸರು ನಗುವುದಿಲ್ಲ.

ವಾಣಿಜ್ಯ ಪತ್ರಿಕೆಯ ಪುಟಗಳಲ್ಲಿ ಇದಕ್ಕೇನು ಸ್ಥಳ ಎಂದು ಓದುಗರು ಕೇಳಬಹುದು. ಪೀಣ್ಯದಲ್ಲಿ ಸಣ್ಣದೊಂದು ಯಂತ್ರಭಾಗ ತಯಾರಿಕಾ ಘಟಕವನ್ನು ನಡೆಸುತ್ತ ಬಂದ ನನಗೆ ಈ ಹವ್ಯಾಸ ಒಮ್ಮೆ ಉಪಯೋಗಕ್ಕೆ ಬರಬೇಕಾಗಿತ್ತು, ಬರಲಿಲ್ಲ. ಆ ಕಾರಣಕ್ಕಾಗಿ ನಷ್ಟವನ್ನೂ ಅನುಭವಿಸಿದೆ. ಅದನ್ನು ಹೇಳುವ ಮೊದಲು ಹಳೆಯ ವಿಮಾನಗಳ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವ ಆಸೆ.

ಬಳ್ಳಾರಿಯಲ್ಲಿ ತಂಗಿದ ಅಂಚೆ

ಭಾರತದ ನಾಗರಿಕ ವಿಮಾನಯಾನದ ಚರಿತ್ರೆಯನ್ನು ಬರೆಯುವವರೆಲ್ಲರೂ 1932ರ ಅಕ್ಟೋಬರ್ 15ರಿಂದ ಆರಂಭಿಸುತ್ತಾರೆ. ಅಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆಯನ್ನು ತಂದರು. ಅಹಮದಾಬಾದಿನಲ್ಲಿ ಇಂಧನದ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದಿದ್ದವಂತೆ. ಆದರೆ ಅದೇ ಅಂಚೆಯ ಮುಂದಿನ ಪಯಣವನ್ನು ನೆನೆಯುವವರು ಕಡಿಮೆ. ಮುಂಬಯಿಯಿಂದ ಅದನ್ನು ಮದರಾಸಿಗೆ ಒಯ್ದವರು ಟಾಟಾ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್. ಅವರು ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ. ಅಂದು ಬಳ್ಳಾರಿಯು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು ಎಂಬುದು ನಿಜ. ಆದರೂ ಆ ವಾಯು ಅಂಚೆಯು ಕನ್ನಡದ ನೆಲದಲ್ಲಿ ಒಂದು ರಾತ್ರಿ ಕಳೆಯಿತೆಂಬುದು ನಮಗೆ ಸಂತೋಷದ ವಿಷಯವೇ. ಅದರಲ್ಲಿ ಇದ್ದದ್ದು ಪ್ರಯಾಣಿಕರಲ್ಲ, ಕಾಗದಪತ್ರಗಳು ಎಂಬುದನ್ನು ವ್ಯಾಪಾರಸ್ಥರು ಗಮನಿಸಬೇಕು. ನಮ್ಮ ವಿಮಾನಯಾನವು ಸರಕಿನಿಂದ ಆರಂಭವಾಯಿತು, ಜನರು ಆಮೇಲೆ ಹತ್ತಿದರು.

ಬೆಂಗಳೂರಿನ ಕಥೆ 1940ರ ಡಿಸೆಂಬರಿನದು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದೊಡನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದಾಗ ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದರು. ಯುದ್ಧಕಾಲದಲ್ಲಿ ಈ ಕಾರ್ಖಾನೆಯು ಅಮೆರಿಕದ ವಾಯುಸೇನೆಯ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಸೇನೆಯು ಬಿಟ್ಟುಹೋದ ಡಕೋಟಾಗಳನ್ನು ಪ್ರಯಾಣಿಕ ವಿಮಾನಗಳನ್ನಾಗಿ ಪರಿವರ್ತಿಸುವ ಕೆಲಸವು ಇಲ್ಲಿಗೆ ಬಂತು. ಕೆಲಸ ಸಾಲದಿದ್ದಾಗ ಇದೇ ಕಾರ್ಖಾನೆ ರೈಲು ಬೋಗಿಗಳನ್ನೂ ಕಟ್ಟಿತು. ಕೈಯಲ್ಲಿರುವ ಯಂತ್ರಗಳಿಗೆ ಕೆಲಸ ಹುಡುಕುವ ಕಷ್ಟ ನಮ್ಮಂತಹ ಸಣ್ಣ ಘಟಕಗಳಿಗೆ ಮಾತ್ರ ಎಂದು ಭಾವಿಸುವವರಿಗೆ ಇದೊಂದು ಸಮಾಧಾನ.

ನನ್ನ ತಂದೆಯವರು ಆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಡಕೋಟಾದ ವಿಚಾರ ಬಂದರೆ ಅವರ ಧ್ವನಿಯೇ ಬದಲಾಗುತ್ತಿತ್ತು. "ಅದು ವಿಮಾನ ಅಲ್ಲ ಕಣೋ, ಲಾರಿ. ರೆಕ್ಕೆ ಇರೋ ಲಾರಿ" ಎನ್ನುತ್ತಿದ್ದರು. ಮಾತಿನಲ್ಲಿ ತಾತ್ಸಾರವಿರಲಿಲ್ಲ, ಗೌರವವಿತ್ತು. 1935ರಲ್ಲಿ ಮೊದಲು ಹಾರಿದ ಈ ವಿಮಾನವು ಬಾಲವನ್ನು ನೆಲಕ್ಕೂರಿ, ಮೂತಿಯನ್ನು ಮೇಲೆತ್ತಿ ನಿಲ್ಲುತ್ತಿತ್ತು. ಹತ್ತಿದವರು ಇಳಿಜಾರಿನಲ್ಲಿ ಮೇಲಕ್ಕೆ ನಡೆದು ಆಸನವನ್ನು ಸೇರಬೇಕಿತ್ತು. ಇಪ್ಪತ್ತೊಂದರಿಂದ ಇಪ್ಪತ್ತೆಂಟು ಜನರನ್ನೋ, ಅಥವಾ ಆಸನಗಳನ್ನು ಕಿತ್ತು ಅಷ್ಟೇ ತೂಕದ ಸರಕನ್ನೋ ಒಯ್ಯುತ್ತಿತ್ತು. ಹುಲ್ಲಿನ ಮೈದಾನದಲ್ಲಿ ಇಳಿಯುತ್ತಿತ್ತು. 1949ರಲ್ಲಿ ಆರಂಭವಾದ ರಾತ್ರಿ ವಾಯು ಅಂಚೆಯು ಇವುಗಳನ್ನೇ ನಂಬಿತ್ತು: ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ಹೊರಟ ವಿಮಾನಗಳು ಮಧ್ಯರಾತ್ರಿಯ ಹೊತ್ತಿಗೆ ನಾಗಪುರದಲ್ಲಿ ಸೇರಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವ ವೇಳೆಗೆ ಊರಿಗೆ ಮರಳುತ್ತಿದ್ದವು. ಇಂದು ಕೊರಿಯರ್ ಸಂಸ್ಥೆಗಳು ಕೇಂದ್ರವೊಂದರಲ್ಲಿ ಸರಕನ್ನು ವಿಂಗಡಿಸಿ ಹಂಚುವ ಕ್ರಮವನ್ನು ಹೊಸ ಸಂಶೋಧನೆಯೆಂಬಂತೆ ಹೇಳುವುದನ್ನು ಕೇಳಿದಾಗ ನಾಗಪುರದ ಆ ರಾತ್ರಿಗಳು ನೆನಪಾಗುತ್ತವೆ.

1953ರ ಆಗಸ್ಟ್ 1ರಂದು ಎಂಟು ಖಾಸಗಿ ಕಂಪೆನಿಗಳನ್ನು ಕೂಡಿಸಿ ಇಂಡಿಯನ್ ಏರ್‌ಲೈನ್ಸ್ ನಿಗಮವನ್ನು ರಚಿಸಿದಾಗ ಅದರ ಪಾಲಿಗೆ ಬಂದ ವಿಮಾನಗಳಲ್ಲಿ 74 ಡಕೋಟಾಗಳೇ ಇದ್ದವು. ಮಂಗಳೂರಿನ ಬಜಪೆ ನಿಲ್ದಾಣವು 1951ರ ಡಿಸೆಂಬರ್ 25ರಂದು ಆರಂಭವಾದಾಗ ಪ್ರಧಾನಿ ನೆಹರೂ ಅವರು ಬಂದಿಳಿದದ್ದೂ ಡಕೋಟಾದಲ್ಲಿಯೇ.

ಕಿವಿಯಿಂದ ಗುರುತಿಸಿದ ಕಾಲ

ನಾನು ಶಾಲಾ ಬಾಲಕನಾಗಿದ್ದ ಅರವತ್ತರ ದಶಕದ ಕೊನೆಯಲ್ಲಿ ವಿಮಾನಪುರದ ಸುತ್ತ ಮನೆಗಳು ವಿರಳ, ಬಯಲೇ ಹೆಚ್ಚು. ವಿಮಾನವನ್ನು ಕಾಣುವ ಮೊದಲೇ ಸದ್ದಿನಿಂದ ಹೆಸರು ಹೇಳುವುದು ನಮ್ಮ ಹುಡುಗರ ಗುಂಪಿನ ಪಂದ್ಯವಾಗಿತ್ತು. ವೈಕೌಂಟ್, ಫೋಕರ್ ಫ್ರೆಂಡ್‌ಶಿಪ್, ಆವ್ರೋ, ಈ ಮೂರಕ್ಕೂ ಇದ್ದದ್ದು ರೋಲ್ಸ್ ರಾಯ್ಸ್‌ನ ಡಾರ್ಟ್ ಎಂಜಿನ್ನೇ. ಕಿವಿಯನ್ನು ಕೊರೆಯುವಂತಹ ತೀಕ್ಷ್ಣವಾದ ಸೀಟಿಯ ಸದ್ದು ಅದು. ವೈಕೌಂಟಿಗೆ ನಾಲ್ಕು, ಉಳಿದೆರಡಕ್ಕೆ ಎರಡೆರಡು. ಸದ್ದು ಒಂದೇ ಆದ್ದರಿಂದ ಪಂದ್ಯದಲ್ಲಿ ಸೋಲುತ್ತಿದ್ದದ್ದು ಇಲ್ಲಿಯೇ. ಫೋಕರಿನ ರೆಕ್ಕೆ ಒಡಲಿನ ಮೇಲೆ, ಆವ್ರೋದ ರೆಕ್ಕೆ ಕೆಳಗೆ. ಕಂಡ ಮೇಲೆ ಸಂಶಯವಿರುತ್ತಿರಲಿಲ್ಲ. ಆವ್ರೋವನ್ನು ನಮ್ಮ ದೇಶದಲ್ಲಿಯೇ, ಕಾನ್ಪುರದ ಕಾರ್ಖಾನೆಯಲ್ಲಿ ಕಟ್ಟುತ್ತಿದ್ದರು ಎಂಬ ಅಭಿಮಾನದಿಂದ ನಾವು ಅದಕ್ಕೆ ಹೆಚ್ಚು ಅಂಕ ಕೊಡುತ್ತಿದ್ದೆವು.

ಕ್ಯಾರವೆಲ್ ಬಂದರೆ ಮಾತ್ರ ಎಲ್ಲರೂ ಆಟ ನಿಲ್ಲಿಸಿ ನೋಡುತ್ತಿದ್ದರು. 1964ರಲ್ಲಿ ಇಂಡಿಯನ್ ಏರ್‌ಲೈನ್ಸ್ ಸೇರಿದ ಈ ಫ್ರೆಂಚ್ ವಿಮಾನವು ನಮ್ಮ ದೇಶೀಯ ಮಾರ್ಗಗಳ ಮೊದಲ ಜೆಟ್. ಎಂಜಿನ್ನುಗಳು ಬಾಲದ ಇಕ್ಕೆಲಗಳಲ್ಲಿ, ಕಿಟಕಿಗಳು ಮೂಲೆ ದುಂಡಾದ ತ್ರಿಕೋನಾಕಾರದಲ್ಲಿ. ಅದಕ್ಕಿಂತ ಸುಂದರವಾದ ಪ್ರಯಾಣಿಕ ವಿಮಾನವನ್ನು ಆಮೇಲೆ ನಾನು ಕಂಡಿಲ್ಲ. ವಾದಿಸುವವರೊಡನೆ ವಾದಿಸಲು ಸಿದ್ಧ. ಎಪ್ಪತ್ತರ ದಶಕದ ಆರಂಭದಲ್ಲಿ ಬೋಯಿಂಗ್ 737-200 ಬಂದು ಅದನ್ನು ಹಿಂದಕ್ಕೆ ಸರಿಸಿತು. ಅದು ಗಡಸು, ಗದ್ದಲದ, ಕಪ್ಪು ಹೊಗೆ ಉಗುಳುವ ದುಡಿಮೆಗಾರ ವಿಮಾನ. 1976ರಲ್ಲಿ ಏರ್‌ಬಸ್ ಎ-300 ಬಂದಾಗ ಊರವರೆಲ್ಲರೂ ಎಲ್ಲ ದೊಡ್ಡ ವಿಮಾನಗಳನ್ನೂ ಏರ್‌ಬಸ್ ಎಂದೇ ಕರೆಯತೊಡಗಿದರು. ಎರಡು ನಡುದಾರಿಗಳ, ಅಗಲ ಒಡಲಿನ ವಿಮಾನ ನಮ್ಮ ಒಳನಾಡಿನ ಮಾರ್ಗಗಳಿಗೆ ಬಂದದ್ದು ಅದೇ ಮೊದಲು. ಅದರ ಬಾಗಿಲು ಎಷ್ಟು ದೊಡ್ಡದು ಎಂಬುದರ ಮಹತ್ವ ನನಗೆ ಅರ್ಥವಾಗಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ಇಲ್ಲಿಯೇ ಒಂದು ಮಾತು. ಮಾರತಹಳ್ಳಿಗೆ ಆ ಹೆಸರು ಬಂದದ್ದು ಎಚ್‌ಎಎಲ್ ಕಟ್ಟಿದ ಮಾರುತ ಯುದ್ಧವಿಮಾನದಿಂದ ಎಂದು ನಾವು ಹುಡುಗರು ನಂಬಿದ್ದೆವು, ಈಗಲೂ ನಂಬುವವರಿದ್ದಾರೆ. ಊರಿನ ಹೆಸರು ವಿಮಾನಕ್ಕಿಂತ ಶತಮಾನಗಳಷ್ಟು ಹಳೆಯದೆಂಬುದನ್ನು ಅಲ್ಲಿನ ಶಿಲಾಶಾಸನ ಹೇಳುತ್ತದೆ. ನಂಬಿಕೆ ಸುಳ್ಳಾದರೂ ಬಿಡಲು ಮನಸ್ಸು ಬಾರದು.

1989ರಲ್ಲಿ ಎ-320 ಬಂತು. ಇಂಡಿಯನ್ ಏರ್‌ಲೈನ್ಸಿನ ಆ ಮೊದಲ ತಂಡದ ವಿಮಾನಗಳನ್ನು ದೂರದಿಂದಲೇ ಗುರುತಿಸಬಹುದಾಗಿತ್ತು. ಬೇರೆಡೆಯ ಎ-320ಗಳಿಗೆ ಪ್ರತಿಯೊಂದು ಮುಖ್ಯ ಕಾಲಿಗೆ ಎರಡು ಚಕ್ರ, ಇವಕ್ಕೆ ನಾಲ್ಕು. ನಮ್ಮ ಓಡುಹಾದಿಗಳ ಮೇಲೆ ಭಾರವು ಹಂಚಿಹೋಗಲಿ ಎಂದು ಕೇಳಿ ಮಾಡಿಸಿಕೊಂಡದ್ದು. ವಿಮಾನ ನೋಡುವವರಿಗೆ ಇಂತಹ ಸಣ್ಣ ವ್ಯತ್ಯಾಸವೇ ಹಬ್ಬ. ಆದರೆ ಆ ಹಬ್ಬವು ಬಹುಕಾಲ ಉಳಿಯಲಿಲ್ಲ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಎ-320 ನಮ್ಮ ನಿಲ್ದಾಣದ ಓಡುಹಾದಿಯನ್ನು ತಲಪದೆ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಜನ ತೀರಿಕೊಂಡರು. ಆ ಇಡೀ ತಂಡದ ವಿಮಾನಗಳನ್ನು ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಲಾಯಿತು. ಆ ವರ್ಷದ ನನ್ನ ನೋಟ್‌ಬುಕ್ಕಿನಲ್ಲಿ ಫೆಬ್ರವರಿಯಿಂದ ಮುಂದೆ ಬಹಳ ಪುಟಗಳು ಖಾಲಿ ಇವೆ. ಬರೆಯುವ ಮನಸ್ಸಾಗಲಿಲ್ಲ.

ಅಳಿದ ಹೆಸರುಗಳು

ತೊಂಬತ್ತರ ದಶಕದಲ್ಲಿ ಖಾಸಗಿಯವರಿಗೆ ಅವಕಾಶ ದೊರೆತ ಮೇಲೆ ಆಕಾಶಕ್ಕೆ ಬಣ್ಣ ಬಂತು. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ತ್, ಎನ್‌ಇಪಿಸಿ, ಈ ಹೆಸರುಗಳು ಇಂದಿನ ಯುವ ಉದ್ಯಮಿಗಳಿಗೆ ಅಪರಿಚಿತ. ನಮ್ಮವರೇ ಆದ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿ, ವಿಮಾನವನ್ನು ಬಸ್ಸಿನ ಪ್ರಯಾಣಿಕರ ಕೈಗೆಟಕುವಂತೆ ಮಾಡಿದರು. ಹುಬ್ಬಳ್ಳಿ, ಬೆಳಗಾವಿಯಂತಹ ಊರುಗಳ ವರ್ತಕರು ಬೆಳಿಗ್ಗೆ ಹೋಗಿ ಸಂಜೆ ಮರಳುವುದು ಸಾಧ್ಯ ಎಂಬ ಭಾವನೆ ಹುಟ್ಟಿದ್ದು ಆ ಪುಟ್ಟ ಎಟಿಆರ್ ವಿಮಾನಗಳಿಂದ. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್ ಅದನ್ನು ನುಂಗಿತು. 2012ರ ಅಕ್ಟೋಬರಿನಲ್ಲಿ ಅದೂ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ಪುನರುಜ್ಜೀವನದ ಯತ್ನಗಳೆಲ್ಲ ವಿಫಲವಾಗಿ 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಸಮಾಪನಕ್ಕೆ ಆದೇಶ ನೀಡಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ, ಎಂಜಿನ್ನುಗಳ ತೊಂದರೆಯನ್ನು ಕಾರಣವಾಗಿ ಹೇಳಿ, ಬಾಗಿಲು ಮುಚ್ಚಿತು. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಲೀನವಾಯಿತು. ಅದು ಮರಣವಲ್ಲ, ಮದುವೆ ಎನ್ನಬೇಕು.

ವಿಮಾನ ನೋಡುವವರಿಗೆ ಇವು ಬಾಲದ ಬಣ್ಣಗಳು. ಸರಬರಾಜು ಮಾಡುವವರಿಗೆ ಇವು ವಸೂಲಾಗದ ಬಿಲ್ಲುಗಳು. ಊಟದ ಪೊಟ್ಟಣ, ಆಸನದ ಬಟ್ಟೆ, ಟಿಕೆಟಿನ ಮುದ್ರಣ, ನೆಲದ ಮೇಲಿನ ವಾಹನಗಳ ಬಿಡಿಭಾಗ, ಇವನ್ನೆಲ್ಲ ಉದ್ರಿಯಲ್ಲಿ ಕೊಟ್ಟವರು ಸಣ್ಣವರೇ. ದಿವಾಳಿತನದ ಕಾನೂನಿನಲ್ಲಿ ಬ್ಯಾಂಕುಗಳ ನಂತರವೇ ಇಂತಹ ಸಾಲಗಾರರ ಸರದಿ ಬರುತ್ತದೆ ಎಂಬುದನ್ನು ನಮ್ಮ ಸದಸ್ಯರಲ್ಲಿ ಅನುಭವಿಸಿ ಬಲ್ಲವರಿದ್ದಾರೆ. ವಿಮಾನ ನಿಲ್ದಾಣದ ಬೇಲಿಯಾಚೆ ಒಂದೇ ಸಂಸ್ಥೆಯ ಎರಡು ಮೂರು ವಿಮಾನಗಳು ವಾರಗಟ್ಟಲೆ ಕದಲದೆ ನಿಂತು, ಎಂಜಿನ್ನುಗಳಿಗೆ ಹೊದಿಕೆ ಹಾಕಿದ್ದು ಕಂಡರೆ ಉದ್ರಿಯ ಅವಧಿಯನ್ನು ಮೊಟಕುಗೊಳಿಸುವುದು ಲೇಸು ಎಂಬುದು ನನ್ನ ವೈಯಕ್ತಿಕ ಅಭಿಪ್ರಾಯ. ವಾರ್ಷಿಕ ವರದಿಗಿಂತ ಇದು ಬೇಗ ಕಾಣಸಿಗುತ್ತದೆ.

130 ಸೆಂಟಿಮೀಟರಿನ ಪೆಟ್ಟಿಗೆ

ಇನ್ನು ನನ್ನ ನಷ್ಟದ ವಿಷಯ. 2005ರಲ್ಲಿ ಜರ್ಮನಿಯ ಗ್ರಾಹಕರೊಬ್ಬರಿಗೆ ನಮ್ಮ ಘಟಕದಿಂದ ಒಂದು ಫಿಕ್ಸ್‌ಚರ್ ಹೋಗಬೇಕಿತ್ತು. ಅವರ ಯಂತ್ರವು ಅದಕ್ಕಾಗಿ ಕಾದು ನಿಂತಿತ್ತು. ತಡವಾದರೆ ದಿನಕ್ಕಿಷ್ಟು ಎಂದು ದಂಡದ ಕರಾರೂ ಇತ್ತು. ಮರದ ಪೆಟ್ಟಿಗೆ ಒಂದು ಮೀಟರ್ ಉದ್ದ, 80 ಸೆಂಟಿಮೀಟರ್ ಅಗಲ, 130 ಸೆಂಟಿಮೀಟರ್ ಎತ್ತರ, ತೂಕ 140 ಕಿಲೋ, ಮಗುಚಿ ಮಲಗಿಸುವಂತಿರಲಿಲ್ಲ. ಕೊಲ್ಲಿ ದೇಶದ ಮಾರ್ಗವಾಗಿ ಹೋಗುವ ವಿಮಾನವೊಂದರಲ್ಲಿ ಸ್ಥಳ ಕಾದಿರಿಸಲಾಗಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಕ್ಲಿಯರಿಂಗ್ ಏಜೆಂಟರ ದೂರವಾಣಿ ಬಂತು.

"ಸಾರ್, ನಿಮ್ಮ ಪೆಟ್ಟಿಗೆ ವಾಪಸ್ ಬಂತು. ದೊಡ್ಡ ವಿಮಾನ ಬರಲಿಲ್ಲ, ಸಣ್ಣದು ಬಂದಿದೆ. ಬಾಗಿಲಲ್ಲಿ ಹೋಗ್ತಿಲ್ಲ."

"ನಾಳೆ?"

"ನಾಳೆನೂ ಸಣ್ಣದೇ ಅಂತೆ ಸಾರ್. ಈ ತಿಂಗಳೆಲ್ಲ ಹಾಗೇ ಅಂತಾರೆ."

ದೂರವಾಣಿಯನ್ನು ಇಟ್ಟು ನೋಟ್‌ಬುಕ್ಕನ್ನು ತೆರೆದೆ. ಹಿಂದಿನ ನಾಲ್ಕು ರಾತ್ರಿಗಳಲ್ಲಿ ಎರಡನ್ನು ನಾನು ಮುರುಗೇಶಪಾಳ್ಯದ ಬಂಧುಗಳ ಮನೆಯ ತಾರಸಿಯ ಮೇಲೆ ಕಳೆದಿದ್ದೆ. ಅದೇ ಹೊತ್ತಿನ, ಅದೇ ಸಂಸ್ಥೆಯ ವಿಮಾನದ ಮುಂದೆ ನನ್ನದೇ ಅಕ್ಷರದಲ್ಲಿ ಕಿರಿದಾದ ಒಡಲಿನ ಮಾದರಿಯ ಹೆಸರು ಬರೆದಿತ್ತು, ಎರಡೂ ದಿನ. ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆಯೂ ಇತ್ತು. ಹವ್ಯಾಸದವನು ನೋಡಿ ಬರೆದುಕೊಂಡಿದ್ದ, ವ್ಯಾಪಾರದವನು ಓದಿರಲಿಲ್ಲ. ಪೆಟ್ಟಿಗೆಯು ಮದರಾಸಿಗೆ ಲಾರಿಯಲ್ಲಿ ಹೋಗಿ, ಅಲ್ಲಿಂದ ಬೇರೆ ವಿಮಾನದಲ್ಲಿ ಹೊರಟು ಗ್ರಾಹಕರನ್ನು ಸೇರುವಾಗ ಒಂಬತ್ತು ದಿನ ತಡವಾಗಿತ್ತು. ದಂಡವನ್ನು ತೆತ್ತೆವು. ಮುಂದಿನ ವರ್ಷದ ಆದೇಶವು ಬರಲೇ ಇಲ್ಲ. ವಿಮಾನ ಸಂಸ್ಥೆಯನ್ನು ದೂರಿ ಪ್ರಯೋಜನವಿರಲಿಲ್ಲ. ವಿಮಾನವನ್ನು ಬದಲಾಯಿಸುವ ಹಕ್ಕು ತಮಗಿದೆ ಎಂಬುದನ್ನು ಏರ್‌ವೇ ಬಿಲ್ಲಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅವರು ಮೊದಲೇ ಮುದ್ರಿಸಿದ್ದರು.

ಈ ಘಟನೆಯ ನಂತರ ಕಲಿತದ್ದನ್ನು ಸದಸ್ಯರೊಡನೆ ಹಂಚಿಕೊಳ್ಳುವುದು ಯೋಗ್ಯವೆನಿಸುತ್ತದೆ. ನಮ್ಮ ಸರಕಿನ ಬಹುಭಾಗ ಹೋಗುವುದು ಸರಕು ವಿಮಾನದಲ್ಲಿ ಅಲ್ಲ, ಪ್ರಯಾಣಿಕರ ಕಾಲ ಕೆಳಗೆ, ವಿಮಾನದ ಒಡಲಿನಲ್ಲಿ. ಎ-330, ಬೋಯಿಂಗ್ 777 ಮೊದಲಾದ ಅಗಲ ಒಡಲಿನ ವಿಮಾನಗಳಲ್ಲಿ ಪ್ಯಾಲೆಟ್ಟಿನ ಮೇಲೆ ಸುಮಾರು 160 ಸೆಂಟಿಮೀಟರ್ ಎತ್ತರದವರೆಗೆ ಸರಕನ್ನು ಜೋಡಿಸಬಹುದು. ಎ-320ರಲ್ಲಿ ಕುಳ್ಳಾದ ಕಂಟೇನರುಗಳಿಗೆ ಅವಕಾಶವಿದೆ. ಅವುಗಳ ಎತ್ತರ ಸುಮಾರು 114 ಸೆಂಟಿಮೀಟರ್ ಮಾತ್ರ. ಎಲ್ಲ ಸಂಸ್ಥೆಗಳೂ ಅವನ್ನು ಬಳಸುವುದಿಲ್ಲ, ಹಲವರು ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿಯೇ ತುಂಬುತ್ತಾರೆ. ಬೋಯಿಂಗ್ 737ರಲ್ಲಿ ಕಂಟೇನರಿನ ಪ್ರಶ್ನೆಯೇ ಇಲ್ಲ. ಅದರ ಸರಕಿನ ಬಾಗಿಲ ಎತ್ತರ ಒಂದು ಮೀಟರಿಗಿಂತ ಕಡಿಮೆ, ಒಳಗೆ ಹಮಾಲರು ಮಂಡಿಯೂರಿ ಪೆಟ್ಟಿಗೆಗಳನ್ನು ಒಂದೊಂದಾಗಿ ತಳ್ಳುತ್ತಾರೆ. ಎಟಿಆರ್ ಬರುವ ಊರುಗಳಿಂದ ಕಳುಹಿಸುವವರಂತೂ ಪೆಟ್ಟಿಗೆಯನ್ನು ಇಬ್ಬರು ಎತ್ತುವಂತಿದೆಯೇ ಎಂದು ನೋಡಿಕೊಳ್ಳಬೇಕು.

ಆ ಫಿಕ್ಸ್‌ಚರನ್ನು ಬಿಡಿಸಿ ಎರಡು ಪೆಟ್ಟಿಗೆಗಳಲ್ಲಿ ಕಳುಹಿಸಬಹುದಿತ್ತು ಎಂಬುದು ಆಮೇಲೆ ಹೊಳೆಯಿತು. ಲೆಕ್ಕ ಹಾಕಿದಾಗ ಇನ್ನೊಂದು ಸತ್ಯವೂ ಬೆಳಕಿಗೆ ಬಂತು. ವಾಯು ಸರಕಿನ ದರವನ್ನು ನಿಜವಾದ ತೂಕ ಮತ್ತು ಗಾತ್ರದ ತೂಕ, ಈ ಎರಡರಲ್ಲಿ ಹೆಚ್ಚಿನದಕ್ಕೆ ವಿಧಿಸುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಗಾತ್ರದ ತೂಕ. ನಮ್ಮ ದೊಡ್ಡ ಪೆಟ್ಟಿಗೆಗೆ ಅದು 173 ಕಿಲೋ ದಾಟಿತ್ತು. ಎಂದರೆ 140 ಕಿಲೋ ಸರಕಿಗೆ 33 ಕಿಲೋ ಗಾಳಿಯ ಬಾಡಿಗೆಯನ್ನೂ ಕೊಟ್ಟಿದ್ದೆವು. 80, 60, 70 ಸೆಂಟಿಮೀಟರಿನ ಎರಡು ಪೆಟ್ಟಿಗೆಗಳಾಗಿದ್ದರೆ ಪ್ರತಿಯೊಂದರ ಗಾತ್ರದ ತೂಕ 56 ಕಿಲೋ, ನಿಜವಾದ ತೂಕ 70 ಕಿಲೋ. ತೆರಬೇಕಾದದ್ದು 140 ಕಿಲೋಗೆ ಮಾತ್ರ. ಯಾವ ವಿಮಾನ ಬಂದರೂ ಹತ್ತುತ್ತಿತ್ತು. ಅಂದಿನಿಂದ ನಮ್ಮ ಘಟಕದಲ್ಲಿ 75 ಸೆಂಟಿಮೀಟರಿಗಿಂತ ಎತ್ತರದ ಪೆಟ್ಟಿಗೆ ಮಾಡಬೇಕಾದರೆ ನನ್ನ ಸಹಿ ಬೇಕು. ಬಡಗಿಯವರು ಇದನ್ನು ಯಜಮಾನರ ಹುಚ್ಚು ಎಂದುಕೊಂಡಿದ್ದಾರೆ.

ದೇವನಹಳ್ಳಿಯ ಬೇಲಿಯಾಚೆ

2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಆರಂಭವಾಗಿ, ಎಚ್‌ಎಎಲ್ ನಿಲ್ದಾಣದಿಂದ ನಿಯತ ಪ್ರಯಾಣಿಕ ಸೇವೆ ನಿಂತಿತು. ಹಿಂದಿನ ಸಂಜೆ ಹಳೆಯ ನಿಲ್ದಾಣದ ರಸ್ತೆಯಲ್ಲಿ ನಮ್ಮಂತಹವರು ಹಲವರು ನಿಂತಿದ್ದೆವು. ನಗರಕ್ಕೆ ಹತ್ತಿರದ ನಿಲ್ದಾಣ ಮುಚ್ಚುವುದನ್ನು ವಿರೋಧಿಸಿ ವರ್ತಕರೂ ಉದ್ಯಮಿಗಳೂ ಅಂದು ಸಾಕಷ್ಟು ದನಿಯೆತ್ತಿದ್ದರು. ಪೀಣ್ಯದವರಿಗೆ ದೂರದ ಕಷ್ಟ ಅಷ್ಟೇನೂ ಹೆಚ್ಚಲಿಲ್ಲ. ಬೊಮ್ಮಸಂದ್ರ, ಹೊಸೂರಿನ ಕಡೆಯವರಿಗೆ ಮಾತ್ರ ಒಂದು ಸರಕಿಗೆ ಅರ್ಧ ದಿನವೇ ಹೆಚ್ಚಾಯಿತು. ದೊಡ್ಡಬಳ್ಳಾಪುರದ ಗುಲಾಬಿ ಬೆಳೆಗಾರರಿಗೆ ಲಾಭವಾಯಿತೆಂಬುದನ್ನೂ ಹೇಳಬೇಕು. ಫೆಬ್ರವರಿಯ ಮೊದಲ ವಾರಗಳಲ್ಲಿ ಅವರ ಹೂವಿನ ಪೆಟ್ಟಿಗೆಗಳೇ ಸರಕು ಕಟ್ಟಡದಲ್ಲಿ ತುಂಬಿರುತ್ತವೆ. ಆ ದಿನಗಳಲ್ಲಿ ಯಂತ್ರಭಾಗ ಕಳುಹಿಸುವವರು ಮೊದಲೇ ಸ್ಥಳ ಕಾದಿರಿಸುವುದು ಉತ್ತಮ.

ವಿಮಾನ ನೋಡುವುದು ಈಗ ಸುಲಭವಾಗಿದೆ. ಪ್ರತಿಯೊಂದು ವಿಮಾನವೂ ತನ್ನ ಗುರುತು, ಎತ್ತರ, ವೇಗಗಳನ್ನು 1090 ಮೆಗಾಹರ್ಟ್ಸ್ ತರಂಗದಲ್ಲಿ ತಾನೇ ಸಾರುತ್ತದೆ. ಹವ್ಯಾಸಿಗಳು ಮನೆಯ ಮೇಲೆ ಪುಟ್ಟ ಆಂಟೆನಾಗಳನ್ನಿಟ್ಟು ಅದನ್ನು ಹಿಡಿದು ಹಂಚುತ್ತಾರೆ. ಮೊಬೈಲಿನಲ್ಲಿ ನೋಡಿದರೆ ತಲೆಯ ಮೇಲಿನ ವಿಮಾನ ಯಾವುದು, ಎಲ್ಲಿಂದ ಬಂತು, ಎಲ್ಲವೂ ತಿಳಿಯುತ್ತದೆ. ಆದರೆ ಕ್ಯಾಮೆರಾ, ದುರ್ಬೀನುಗಳನ್ನು ಹಿಡಿದವರು ಎಚ್ಚರದಿಂದಿರಬೇಕು. 2001ರ ನವೆಂಬರಿನಲ್ಲಿ ಗ್ರೀಸಿನ ವಾಯುನೆಲೆಯೊಂದರ ಬಳಿ ಹನ್ನೆರಡು ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಗೂಢಚಾರರೆಂದು ಬಂಧಿಸಿದರು. ಶಿಕ್ಷೆಯೂ ಆಗಿ, ಮೇಲ್ಮನವಿಯಲ್ಲಿ ಖುಲಾಸೆಯಾಗಲು ಒಂದು ವರ್ಷ ಹಿಡಿಯಿತು. 2010ರಲ್ಲಿ ದೆಹಲಿಯ ನಿಲ್ದಾಣದ ಬಳಿಯ ಹೋಟೆಲಿನಲ್ಲಿದ್ದ ಇಬ್ಬರು ಬ್ರಿಟಿಷ್ ಹವ್ಯಾಸಿಗಳೂ ಬಂಧನಕ್ಕೊಳಗಾಗಿ ದಂಡ ತೆತ್ತು ಊರಿಗೆ ಮರಳಿದರು. ಎಚ್‌ಎಎಲ್ ಮತ್ತು ಯಲಹಂಕ ನೆಲೆಗಳು ರಕ್ಷಣಾ ಪ್ರದೇಶಗಳು. ಅಲ್ಲಿ ಬೇಲಿಯ ಬಳಿ ಚಿತ್ರ ತೆಗೆಯುವ ಸಾಹಸ ಬೇಡ. ಆಸಕ್ತರಿಗೆ 2001ರಲ್ಲಿ ಆರಂಭವಾದ ಎಚ್‌ಎಎಲ್ ಪರಂಪರೆ ಕೇಂದ್ರ ಮತ್ತು ಯಲಹಂಕದ ಏರೋ ಇಂಡಿಯಾ ಪ್ರದರ್ಶನ ಇವೆ.

ನೋಟ್‌ಬುಕ್ಕು ನಿಜವಾಗಿ ಉಪಯೋಗಕ್ಕೆ ಬಂದದ್ದು 2020ರಲ್ಲಿ. ಮಾರ್ಚ್ 23ರಿಂದ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳು, 25ರಿಂದ ದೇಶೀಯ ವಿಮಾನಗಳು ನಿಂತವು. ಪ್ರಯಾಣಿಕರಿಲ್ಲದೆ ಒಡಲೂ ಇಲ್ಲ. ನಮ್ಮ ಸರಕಿಗೆ ಹಾದಿಯೇ ಇಲ್ಲವಾಯಿತು. ಸರಕು ವಿಮಾನಗಳಿಗೆ ಮಾತ್ರ ಅನುಮತಿ ಇತ್ತು. ಕೆಲವೇ ವಾರಗಳಲ್ಲಿ ಪ್ರಯಾಣಿಕ ವಿಮಾನಗಳೇ ಆಸನಗಳ ಮೇಲೆ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಹಾರತೊಡಗಿದವು. ಮನೆಯ ತಾರಸಿಯಿಂದಲೂ ಮೊಬೈಲಿನಿಂದಲೂ ಯಾವ ಸಂಸ್ಥೆಯ ಯಾವ ವಿಮಾನ ವಾರದ ಯಾವ ದಿನ ಬರುತ್ತದೆ ಎಂದು ಬರೆದಿಟ್ಟುಕೊಂಡು ಏಜೆಂಟರಿಗೆ ತಿಳಿಸುತ್ತಿದ್ದೆ. ಅವರು ಮೊದಲು ನಕ್ಕರು, ಆಮೇಲೆ ಅವರೇ ಕೇಳತೊಡಗಿದರು. ಆಸನದ ಮೇಲೆ ಇಡಬಹುದಾದ ಗಾತ್ರದ ಪೆಟ್ಟಿಗೆಗಳು ನಮ್ಮಲ್ಲಿ ಮೊದಲೇ ಇದ್ದವು. ದರ ವಿಪರೀತವಾಗಿತ್ತು, ನಿಜ. ಆದರೆ ಆ ಬೇಸಗೆಯಲ್ಲಿ ಒಬ್ಬ ಗ್ರಾಹಕರನ್ನೂ ಕಳೆದುಕೊಳ್ಳಲಿಲ್ಲ.

ನೋಡುವವರ ಬದಿಯಿಂದ ಮಾಡುವವರ ಬದಿಗೆ

ಇನ್ನೊಂದು ಸಂಗತಿಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ತಲೆಯ ಮೇಲೆ ಹೋಗುವ ಎ-320ರ ಮುಂಬಾಗಿಲು ಎಚ್‌ಎಎಲ್‌ನಲ್ಲಿ ತಯಾರಾಗಿರಬಹುದು. ರೆಕ್ಕೆಯ ಫ್ಲಾಪುಗಳನ್ನು ಹಿಡಿದಿರುವ ತೊಲೆಗಳು ಬೆಂಗಳೂರಿನ ಡೈನಮ್ಯಾಟಿಕ್‌ನಲ್ಲಿ, ಇನ್ನೂ ಹಲವು ಭಾಗಗಳು ಬೆಳಗಾವಿಯ ಏಕಸ್‌ನಲ್ಲಿ ರೂಪುಗೊಂಡಿರಬಹುದು. ಇವುಗಳ ಹಿಂದೆ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳೂ ಇವೆ. ಎಎಸ್ 9100 ಪ್ರಮಾಣಪತ್ರ ಪಡೆಯಲು ನಾವೂ ಯತ್ನಿಸಿ, ಲೋಹದ ಪ್ರತಿಯೊಂದು ತುಂಡಿನ ಮೂಲವನ್ನು ದಾಖಲಿಸುವ ಶಿಸ್ತಿಗೆ ಒಗ್ಗಿಕೊಳ್ಳಲು ಎರಡು ವರ್ಷ ತೆಗೆದುಕೊಂಡೆವು. ಲೇತ್ ಹಳೆಯದೇ, ಕೆಲಸಗಾರರೂ ಅವರೇ, ಕಾಗದಪತ್ರವೇ ಹೊಸತು. ಆದೇಶ ಸಿಗುವವರೆಗಿನ ಆ ಎರಡು ವರ್ಷದ ಖರ್ಚನ್ನು ಭರಿಸಲಾಗದೆ ಹಿಂದೆ ಸರಿದ ಮಿತ್ರರನ್ನು ನಾನು ಬಲ್ಲೆ. ಈ ವಿಷಯದಲ್ಲಿ ಬ್ಯಾಂಕುಗಳೊಡನೆ ಸಂಸ್ಥೆಯು ಮಾತುಕತೆ ನಡೆಸಬೇಕೆಂಬುದು ನನ್ನ ವಿನಂತಿ.

2022ರ ಅಕ್ಟೋಬರಿನಲ್ಲಿ ಎಮಿರೇಟ್ಸ್‌ನ ಎ-380 ದೇವನಹಳ್ಳಿಗೆ ನಿಯತವಾಗಿ ಬರತೊಡಗಿದಾಗ ಮೊಮ್ಮಗನನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಎರಡು ಅಂತಸ್ತು, ನಾಲ್ಕು ಎಂಜಿನ್, ಐನೂರಕ್ಕೂ ಹೆಚ್ಚು ಜನ. ಅಷ್ಟು ದೊಡ್ಡದು ಅಷ್ಟು ಸದ್ದಿಲ್ಲದೆ ಇಳಿಯುವುದು ಅಚ್ಚರಿಯೇ. "ತಾತ, ಇದರಲ್ಲಿ ನಿಮ್ಮ ಪೆಟ್ಟಿಗೆ ಎಷ್ಟು ಬೇಕಾದರೂ ಹಿಡಿಸುತ್ತೆ ಅಲ್ವಾ?" ಎಂದ. ಅಷ್ಟು ಜನರ ಸಾಮಾನನ್ನು ತುಂಬಿದ ಮೇಲೆ ಸರಕಿಗೆ ಉಳಿಯುವ ಸ್ಥಳ ಬೋಯಿಂಗ್ 777-300ಇಆರ್ ವಿಮಾನಕ್ಕಿಂತಲೂ ಕಡಿಮೆ ಎಂದು ಹೇಳಿದಾಗ ಅವನು ನಂಬಲಿಲ್ಲ. ಎ-380ರ ತಯಾರಿಕೆ 2021ರಲ್ಲಿಯೇ ನಿಂತಿದೆ, ಬೋಯಿಂಗ್ 747ರ ಕೊನೆಯದು 2022ರ ಡಿಸೆಂಬರಿನಲ್ಲಿ ಕಾರ್ಖಾನೆಯಿಂದ ಹೊರಬಿತ್ತು. ಏರ್ ಇಂಡಿಯಾದ ಕೊನೆಯ 747 ವಿಮಾನವು 2024ರ ಏಪ್ರಿಲ್ 22ರಂದು ಮುಂಬಯಿಯನ್ನು ಬಿಟ್ಟಿತು. ಏರಿದ ಮೇಲೆ ಪೈಲಟರು ರೆಕ್ಕೆಗಳನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಲಾಡಿಸಿ ಬೀಳ್ಕೊಟ್ಟರು. 1971ರಲ್ಲಿ ಮೊದಲ ಜಂಬೋ ಬಂದಾಗ ಪ್ರತಿಯೊಂದು ಕಿಟಕಿಯ ಸುತ್ತಲೂ ಅರಮನೆಯ ಝರೋಕಾದ ಚಿತ್ರ ಬಿಡಿಸಿದ್ದರು. ಆ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಮರುದಿನದ ರವಾನೆಯ ಮೂರು ಪೆಟ್ಟಿಗೆಗಳ ಅಳತೆಯನ್ನು ಗುರುತು ಹಾಕಿಕೊಂಡೆ.